ಕಾಣೆಯಾದ ಅಕ್ಷರ

ಸಾಹಿತ್ಯದಲ್ಲಿ ಹೊಸತನವೆಂಬುದು ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಹಿಂದೆ ಯಾರೂ ಹೇಳದಿದ್ದ ವಿಷಯವನ್ನು ಲೇಖಕನು ಹೇಳಿದಾಗ ವಸ್ತುವಿನಲ್ಲಿ ಹೊಸತನ ಮೂಡುತ್ತದೆ. ಹೇಳುವ ರೀತಿಯನ್ನೇ ಅವನು ಬದಲಾಯಿಸಿದಾಗ ರೂಪದಲ್ಲಿ ಹೊಸತನ ಮೂಡುತ್ತದೆ. ವಸ್ತುವಿನ ಹೊಸತನವು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಸಾಗುವುದು ಅಷ್ಟೇನೂ ಕಷ್ಟವಲ್ಲ. ಬರಗಾಲದ ಕಥೆಯನ್ನು, ಯುದ್ಧದ ಕಥೆಯನ್ನು, ತಾಯಿಮಕ್ಕಳ ಅಗಲಿಕೆಯ ಕಥೆಯನ್ನು ಯಾವ ಭಾಷೆಯಲ್ಲಿಯಾದರೂ ಹೇಳಬಹುದು. ರೂಪದ ಹೊಸತನವಾದರೋ ಮೂಲಭಾಷೆಯ ಪದಗಳಲ್ಲಿ, ಧ್ವನಿಗಳಲ್ಲಿ, ಕೆಲವೊಮ್ಮೆ ಅಕ್ಷರಗಳಲ್ಲಿಯೇ ಬೇರೂರಿರುತ್ತದೆ. ಕೃತಿಯು ಬೇರೊಂದು ಭಾಷೆಗೆ ಬಂದೊಡನೆ ಆ ಪದಗಳೂ ಧ್ವನಿಗಳೂ ಅಕ್ಷರಗಳೂ ಹಿಂದೆಯೇ ಉಳಿದುಬಿಡುತ್ತವೆ. ಆಗ ಅನುವಾದಕನು ಏನನ್ನು ಉಳಿಸಿಕೊಳ್ಳಬೇಕು? ಏನನ್ನು ಬಿಟ್ಟುಕೊಡಬೇಕು?

ಇಪ್ಪತ್ತನೆಯ ಶತಮಾನದ ಕಥನಸಾಹಿತ್ಯವು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿತು. ಅರ್ಜೆಂಟೀನಾದ ಹೂಲಿಯೊ ಕೊರ್ತಾಸರ್ 1963ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರ ಅಧ್ಯಾಯಗಳನ್ನು ಎರಡು ಬೇರೆ ಬೇರೆ ಕ್ರಮಗಳಲ್ಲಿ ಓದಬಹುದಾಗಿತ್ತು. ಇಟಲಿಯ ಇತಾಲೊ ಕಲ್ವಿನೊ 1979ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಓದುಗನೇ ಮುಖ್ಯ ಪಾತ್ರ. ಅವನು ಕೈಗೆತ್ತಿಕೊಳ್ಳುವ ಕಥೆಗಳೆಲ್ಲ ಆರಂಭವಾಗಿ ಅರ್ಧಕ್ಕೇ ನಿಂತುಹೋಗುತ್ತವೆ. ಇಂತಹ ಕೃತಿಗಳಲ್ಲಿ ಅನುವಾದದ ಸಮಸ್ಯೆಯನ್ನು ಅತ್ಯಂತ ಕಠಿಣವಾದ ರೂಪದಲ್ಲಿ ಒಡ್ಡಿದುದು ಫ್ರಾನ್ಸಿನ ಜಾರ್ಜ್ ಪೆರೆಕ್ 1969ರಲ್ಲಿ ಪ್ರಕಟಿಸಿದ ‘ಲಾ ದಿಸ್‌ಪಾರಿಸಿಯೋಂ’ ಎಂಬ ಕಾದಂಬರಿ. ಈ ಹೆಸರಿಗೆ ‘ಕಣ್ಮರೆ’ ಎಂದು ಅರ್ಥ. ಸುಮಾರು ಮುನ್ನೂರು ಪುಟಗಳ ಈ ಗ್ರಂಥದಲ್ಲಿ ರೋಮನ್ ಲಿಪಿಯ ಐದನೆಯ ಅಕ್ಷರವು, ಎಂದರೆ ಇಂಗ್ಲಿಷಿನಲ್ಲಿ ‘ಇ’ ಎಂದು ಕರೆಯುವ ಅಕ್ಷರವು, ಒಂದೇ ಒಂದು ಸಲವೂ ಬರುವುದಿಲ್ಲ. ಫ್ರೆಂಚ್ ಬರವಣಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಅಕ್ಷರವೇ ಅದು.

ಈ ನಿಯಮದ ಭಾರವು ಎಷ್ಟೆಂಬುದನ್ನು ತಿಳಿಯಲು ಫ್ರೆಂಚ್ ಭಾಷೆಯ ಕೆಲವು ಸಾಮಾನ್ಯ ಪದಗಳನ್ನು ನೆನೆದರೆ ಸಾಕು. ‘ಮತ್ತು’ ಎಂಬರ್ಥದ ಪದದಲ್ಲಿ ಆ ಅಕ್ಷರವುಂಟು. ‘ಅವಳು’ ಎಂಬುದರಲ್ಲಿ ಉಂಟು. ‘ನೀರು’ ಎಂಬುದರಲ್ಲಿ ಉಂಟು. ‘ನಾನು’ ಎಂಬ ಪದವನ್ನು ಪೂರ್ಣವಾಗಿ ಬರೆದರೆ ಅದರಲ್ಲಿಯೂ ಉಂಟು. ಲೇಖಕನ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ಅದರೊಳಗೆ ಆ ಅಕ್ಷರವು ನಾಲ್ಕು ಸಲ ಬರುತ್ತದೆ. ಆದುದರಿಂದ ಅವನು ತನ್ನ ಕಾದಂಬರಿಯೊಳಗೆ ತನ್ನ ಹೆಸರನ್ನೇ ಬರೆಯಲಾರದವನಾದನು.

ಪೆರೆಕ್ ಈ ಕೃತಿಯನ್ನು ಬರೆದುದು ಒಂಟಿಯಾದ ಹುಚ್ಚುಸಾಹಸವಾಗಿ ಅಲ್ಲ. 1960ರಲ್ಲಿ ಲೇಖಕ ರೇಮೋಂ ಕೆನೊ ಮತ್ತು ಗಣಿತಪ್ರಿಯನಾದ ಫ್ರಾಂಸ್ವಾ ಲ ಲಿಯೊನೆ ಇಬ್ಬರೂ ಸೇರಿ ಪ್ಯಾರಿಸಿನಲ್ಲಿ ‘ಊಲಿಪೊ’ ಎಂಬ ಬಳಗವನ್ನು ಕಟ್ಟಿದ್ದರು. ‘ಸಂಭಾವ್ಯ ಸಾಹಿತ್ಯದ ಕಾರ್ಯಶಾಲೆ’ ಎಂಬುದು ಆ ಹೆಸರಿನ ತಾತ್ಪರ್ಯ. ನಿಯಮವು ಕಲ್ಪನೆಗೆ ಬೇಡಿಯಲ್ಲ, ಅದನ್ನು ಚುರುಕುಗೊಳಿಸುವ ಸಾಣೆಕಲ್ಲು ಎಂಬುದು ಆ ಬಳಗದವರ ನಂಬಿಕೆ. ಕನ್ನಡದ ಓದುಗರಿಗೆ ಈ ಮಾತು ತೀರ ಅಪರಿಚಿತವಾಗಿ ತೋರಬೇಕಾಗಿಲ್ಲ. ಕಂದಪದ್ಯದ ಮಾತ್ರೆಗಳ ಲೆಕ್ಕವನ್ನೂ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನೂ ಒಪ್ಪಿಕೊಂಡು, ಅದರೊಳಗೇ ಸ್ವಚ್ಛಂದವಾಗಿ ವಿಹರಿಸಿದ ಕವಿಗಳ ಪರಂಪರೆ ಕನ್ನಡದ್ದು. ಪೆರೆಕ್ 1967ರಲ್ಲಿ ಊಲಿಪೊ ಬಳಗವನ್ನು ಸೇರಿದನು. ಎರಡು ವರ್ಷಗಳ ತರುವಾಯ ಆ ಕಾದಂಬರಿ ಹೊರಬಂದಿತು.

ಕಥೆಯ ಹೊರಮೈ ಪತ್ತೇದಾರಿ ಕಾದಂಬರಿಯಂತಿದೆ. ಆಂತೋನ್ ವ್ವಾಲ್ ಎಂಬವನಿಗೆ ನಿದ್ರೆ ಬಾರದು. ಏನೋ ಒಂದು ಇಲ್ಲವಾಗಿದೆ ಎಂಬ ಶಂಕೆ ಅವನನ್ನು ಕಾಡುತ್ತದೆ. ಆದರೆ ಇಲ್ಲವಾದುದು ಏನೆಂಬುದು ಅವನಿಗೆ ಹೊಳೆಯುವುದಿಲ್ಲ. ಕೊನೆಗೆ ಅವನೇ ಕಾಣೆಯಾಗುತ್ತಾನೆ. ಗೆಳೆಯರು ಅವನನ್ನು ಹುಡುಕಲು ಹೊರಡುತ್ತಾರೆ. ರಹಸ್ಯದ ಸಮೀಪಕ್ಕೆ ಹೋದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ರಹಸ್ಯದ ಸುಳಿವು ಓದುಗನ ಕಣ್ಣೆದುರಿಗೇ ಇರುತ್ತದೆ. ಇಪ್ಪತ್ತಾರು ಸಂಪುಟಗಳಿರಬೇಕಾದ ಕಪಾಟಿನಲ್ಲಿ ಐದನೆಯ ಸಂಪುಟವಿಲ್ಲ. ಇಪ್ಪತ್ತಾರು ಅಧ್ಯಾಯಗಳ ಕಾದಂಬರಿಯಲ್ಲಿ ಐದನೆಯ ಅಧ್ಯಾಯವೂ ಇಲ್ಲ. ನಾಲ್ಕರ ಬಳಿಕ ಆರು ಬರುತ್ತದೆ. ನಾಯಕನ ಹೆಸರಾದರೂ ‘ಸ್ವರ’ ಎಂಬರ್ಥದ ಫ್ರೆಂಚ್ ಪದದಿಂದ ಆ ಅಕ್ಷರವನ್ನು ಕಿತ್ತು ಮೊಟಕುಗೊಳಿಸಿದ ಹೆಸರು. ಇಷ್ಟಿದ್ದರೂ ಪುಸ್ತಕವು ಪ್ರಕಟವಾದಾಗ ವಿಮರ್ಶಕನೊಬ್ಬನು ಅಕ್ಷರದ ಅಭಾವವನ್ನು ಗಮನಿಸದೆಯೇ ವಿಮರ್ಶೆ ಬರೆದನೆಂಬುದು ಪ್ರಸಿದ್ಧವಾದ ಸಂಗತಿ. ದಿನವೂ ಕಣ್ಣಿಗೆ ಬೀಳುವ ವಸ್ತುವು ಇಲ್ಲವಾದಾಗ ಅದನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದು ಕೇವಲ ಆಟವಲ್ಲವೆ ಎಂಬ ಸಂದೇಹ ಸಹಜವಾದುದು. 1939ರಲ್ಲಿಯೇ ಅಮೆರಿಕದ ಅರ್ನೆಸ್ಟ್ ವಿನ್ಸೆಂಟ್ ರೈಟ್ ಎಂಬವನು ಇದೇ ಅಕ್ಷರವನ್ನು ತೊರೆದು ‘ಗ್ಯಾಡ್ಸ್‌ಬಿ’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಬರೆದಿದ್ದನು. ಅದು ಸಾಧನೆಯೆಂದು ಮೆಚ್ಚುಗೆ ಪಡೆಯಿತೇ ಹೊರತು ಓದುಗರ ಹೃದಯವನ್ನು ಕಲಕುವ ಕೃತಿಯಾಗಲಿಲ್ಲ. ಪೆರೆಕನ ಕೃತಿ ಅದಕ್ಕಿಂತ ಭಿನ್ನವಾದುದೇಕೆ ಎಂಬುದು ಅವನ ಜೀವನವನ್ನು ತಿಳಿದಾಗ ಸ್ಪಷ್ಟವಾಗುತ್ತದೆ.

ಪೆರೆಕ್ 1936ರ ಮಾರ್ಚ್ 7ರಂದು ಪ್ಯಾರಿಸಿನಲ್ಲಿ ಹುಟ್ಟಿದನು. ತಂದೆತಾಯಿಗಳು ಪೋಲೆಂಡಿನಿಂದ ವಲಸೆ ಬಂದ ಯೆಹೂದ್ಯರು. ಎರಡನೆಯ ಮಹಾಯುದ್ಧವು ಆರಂಭವಾದಾಗ ತಂದೆ ಫ್ರೆಂಚರ ಪರವಾಗಿ ಸೈನ್ಯವನ್ನು ಸೇರಿ 1940ರ ಜೂನ್ ತಿಂಗಳಲ್ಲಿ ಮಡಿದನು. ಆಗ ಮಗುವಿಗೆ ನಾಲ್ಕು ವರ್ಷ. ಜರ್ಮನರ ವಶವಾದ ಪ್ಯಾರಿಸಿನಲ್ಲಿ ಮಗನು ಸುರಕ್ಷಿತನಲ್ಲವೆಂದು ತಿಳಿದ ತಾಯಿ ಅವನನ್ನು ರೆಡ್ ಕ್ರಾಸ್ ಸಂಸ್ಥೆಯ ರೈಲಿನಲ್ಲಿ ದಕ್ಷಿಣದ ಕಡೆಗೆ ಕಳುಹಿಸಿಕೊಟ್ಟಳು. ತಾನು ಮಾತ್ರ ನಗರದಲ್ಲಿಯೇ ಉಳಿದಳು. 1943ರ ಫೆಬ್ರವರಿಯಲ್ಲಿ ನಾಜಿಗಳು ಅವಳನ್ನು ಆಶ್‌ವಿಟ್ಸ್ ಎಂಬ ಮರಣಶಿಬಿರಕ್ಕೆ ಸಾಗಿಸಿದರು. ಅವಳು ಹಿಂದಿರುಗಲಿಲ್ಲ. ಅವಳಿಗೆ ಸಮಾಧಿಯಿಲ್ಲ, ಅವಳು ತೀರಿಕೊಂಡ ದಿನವಾವುದೆಂದು ಖಚಿತವಾಗಿ ಹೇಳಬಲ್ಲವರಿಲ್ಲ. ಯುದ್ಧ ಮುಗಿದ ಮೇಲೆ ಇಂತಹವರ ವಿಷಯದಲ್ಲಿ ಫ್ರೆಂಚ್ ಸರಕಾರವು ಕೊಡುತ್ತಿದ್ದ ಪ್ರಮಾಣಪತ್ರದಲ್ಲಿ ‘ಮರಣ’ ಎಂಬ ಪದವಿರಲಿಲ್ಲ. ‘ಕಣ್ಮರೆ’ ಎಂಬ ಪದವಿತ್ತು. ಕಾದಂಬರಿಯ ಹೆಸರಾಗಿ ಪೆರೆಕ್ ಆರಿಸಿಕೊಂಡುದು ಅದೇ ಪದವನ್ನು.

ಈಗ ಮತ್ತೊಮ್ಮೆ ಆ ಕಾಣೆಯಾದ ಅಕ್ಷರದ ಕಡೆಗೆ ತಿರುಗಬೇಕು. ಫ್ರೆಂಚಿನಲ್ಲಿ ‘ತಂದೆ’ ಎಂಬರ್ಥದ ಪದದಲ್ಲಿ ಆ ಅಕ್ಷರವಿದೆ. ‘ತಾಯಿ’ ಎಂಬರ್ಥದ ಪದದಲ್ಲಿಯೂ ಇದೆ. ‘ತಂದೆತಾಯಿಗಳು’, ‘ಕುಟುಂಬ’ ಎಂಬ ಪದಗಳಲ್ಲಿಯೂ ಇದೆ. ಆ ಅಕ್ಷರವನ್ನು ತೊರೆದ ಲೇಖಕನು ಮುನ್ನೂರು ಪುಟಗಳನ್ನು ಬರೆದರೂ ಈ ನಾಲ್ಕು ಪದಗಳಲ್ಲಿ ಒಂದನ್ನೂ ಬರೆಯಲಾರನು. ತನಗೆ ಇಲ್ಲವಾದುದನ್ನು ಹೆಸರಿಸಲು ಬೇಕಾದ ಪದಗಳೇ ಅವನ ಭಾಷೆಯಿಂದ ಮಾಯವಾಗಿವೆ. ದುಃಖವನ್ನು ಕುರಿತು ಒಂದು ಮಾತನ್ನೂ ಆಡದೆ, ದುಃಖವು ಮನುಷ್ಯನ ಮಾತಿಗೆ ಏನು ಮಾಡುತ್ತದೆ ಎಂಬುದನ್ನು ಈ ಕೃತಿ ತೋರಿಸುತ್ತದೆ. 1975ರಲ್ಲಿ ಪೆರೆಕ್ ತನ್ನ ಬಾಲ್ಯವನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿ, ಅದನ್ನು ಆ ಅಕ್ಷರಕ್ಕೇ ಅರ್ಪಿಸಿದನು. ಫ್ರೆಂಚರು ಆ ಅಕ್ಷರವನ್ನು ಉಚ್ಚರಿಸುವ ರೀತಿಯೂ ‘ಅವರು’ ಎಂಬರ್ಥದ ಒಂದು ಪದವನ್ನು ಉಚ್ಚರಿಸುವ ರೀತಿಯೂ ಒಂದೇ. ಹೀಗಾಗಿ ಆ ಅರ್ಪಣೆಯನ್ನು ಕಿವಿಯಿಂದ ಕೇಳಿದರೆ ‘ಅವರಿಗಾಗಿ’ ಎಂದು ಕೇಳಿಸುತ್ತದೆ. ತನ್ನನ್ನು ಸಾಕಿ ಬೆಳೆಸಿದ ಸೋದರತ್ತೆಯ ಹೆಸರಿನ ಮೊದಲ ಅಕ್ಷರವೂ ಅದೇ ಆದುದರಿಂದ ಅರ್ಪಣೆಯು ಆಕೆಗೂ ಸಲ್ಲುತ್ತದೆಂದು ಹೇಳುವವರುಂಟು. ಎರಡರ್ಥಗಳೂ ಒಟ್ಟಿಗೆ ನಿಲ್ಲಬಲ್ಲವು.

ಅಕ್ಷರತ್ಯಾಗಕ್ಕೂ ಗಾಯಕ್ಕೂ ಇರುವ ಈ ಸಂಬಂಧವನ್ನು ಭಾರತೀಯ ಕಥನಸಾಹಿತ್ಯವು ಬಹು ಹಿಂದೆಯೇ ಬಲ್ಲುದಾಗಿತ್ತು. ಸುಮಾರು ಏಳನೆಯ ಶತಮಾನದ ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತನೆಂಬ ಕುಮಾರನು ತನ್ನ ವೃತ್ತಾಂತವನ್ನು ಹೇಳುವ ಉಚ್ಛ್ವಾಸವೊಂದಿದೆ. ಅವನ ತುಟಿಗೆ ಗಾಯವಾಗಿದೆ. ತುಟಿಗಳನ್ನು ಕೂಡಿಸಿದರೆ ನೋವಾಗುವುದರಿಂದ ಪ, ಫ, ಬ, ಭ, ಮ ಎಂಬ ಓಷ್ಠ್ಯಾಕ್ಷರಗಳನ್ನು ಉಚ್ಚರಿಸದೆಯೇ ಅವನು ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸುತ್ತಾನೆ. ಆಲಂಕಾರಿಕರು ಇದನ್ನು ನಿರೋಷ್ಠ್ಯವೆಂದು ಕರೆದರು. ಇಂತಹ ಚಮತ್ಕಾರಗಳು ಚಿತ್ರಕಾವ್ಯದಲ್ಲಿ ಬಹಳ ಉಂಟು. ದಂಡಿಯ ಹೆಚ್ಚಳವೇನೆಂದರೆ, ನಿಯಮಕ್ಕೆ ಅವನು ಕಥೆಯೊಳಗಿನಿಂದಲೇ ಕಾರಣವನ್ನು ಒದಗಿಸಿದನು. ಕಥೆ ಹೇಳುವವನಿಗೆ ನೋವಿರುವುದರಿಂದ ಅಕ್ಷರವು ಹೊರಡುವುದಿಲ್ಲ. ಮಂತ್ರಗುಪ್ತನ ಗಾಯವು ಶೃಂಗಾರದ ವಿನೋದಕ್ಕೆ ಸೇರಿದುದು. ಪೆರೆಕನದು ಇತಿಹಾಸದ ಕ್ರೌರ್ಯಕ್ಕೆ ಸೇರಿದುದು. ಇಬ್ಬರಲ್ಲಿಯೂ ಇಲ್ಲದ ಅಕ್ಷರವು ಇರುವ ನೋವನ್ನು ಸೂಚಿಸುತ್ತದೆ.

ಇಂತಹ ಕಾದಂಬರಿಯನ್ನು ಅನುವಾದಿಸುವುದು ಹೇಗೆ? ಮೇಲುನೋಟಕ್ಕೆ ಎರಡು ದಾರಿಗಳು ಕಾಣುತ್ತವೆ. ಮೊದಲನೆಯದು, ನಿಯಮವನ್ನು ಬಿಟ್ಟು ಅರ್ಥವನ್ನು ಹಿಡಿಯುವುದು. ಕಥೆಯನ್ನು ಎಲ್ಲ ಅಕ್ಷರಗಳಿಂದಲೂ ಸಲೀಸಾಗಿ ಬರೆದು, ಮೂಲದಲ್ಲಿ ಒಂದು ಅಕ್ಷರವಿರಲಿಲ್ಲವೆಂದು ಮುನ್ನುಡಿಯಲ್ಲಿ ತಿಳಿಸಬಹುದು. ಹಾಗೆ ಮಾಡಿದರೆ ವಾಕ್ಯಗಳ ಅರ್ಥವು ಉಳಿದೀತು, ಕೃತಿಯ ಪ್ರಾಣವು ಹೋದೀತು. ಏನೂ ಕಾಣೆಯಾಗದ ಪುಸ್ತಕದಲ್ಲಿ ಪಾತ್ರಗಳು ಏನನ್ನು ಹುಡುಕಬೇಕು? ಎರಡನೆಯ ದಾರಿಯೆಂದರೆ, ನಿಯಮವನ್ನು ಉಳಿಸಿಕೊಂಡು ಅದಕ್ಕಾಗಿ ಪದಗಳನ್ನೂ ವಾಕ್ಯಗಳನ್ನೂ ಕೆಲವೊಮ್ಮೆ ಪ್ರಸಂಗಗಳನ್ನೂ ಬದಲಾಯಿಸುವುದು. ಪ್ರಸಿದ್ಧರಾದ ಅನುವಾದಕರೆಲ್ಲರೂ ಹಿಡಿದುದು ಈ ಎರಡನೆಯ ದಾರಿಯನ್ನೇ.

ಜರ್ಮನ್ ಭಾಷೆಗೆ ಓಯ್ಗನ್ ಹೆಲ್ಮ್ಲೆ 1986ರಲ್ಲಿ ಈ ಕಾದಂಬರಿಯನ್ನು ತಂದನು. ಇಂಗ್ಲಿಷಿಗೆ ಗಿಲ್ಬರ್ಟ್ ಅಡೇರ್ 1994ರಲ್ಲಿ ತಂದನು. ಇಬ್ಬರೂ ಅದೇ ಐದನೆಯ ಅಕ್ಷರವನ್ನು ತೊರೆದರು. ಅಡೇರನ ಕಷ್ಟವನ್ನು ಊಹಿಸುವುದು ಇಂಗ್ಲಿಷ್ ಬಲ್ಲ ಯಾರಿಗಾದರೂ ಸುಲಭ. ನಾಮಪದದ ಹಿಂದೆ ಬರುವ ‘ದ’ ಎಂಬ ನಿರ್ದೇಶಕ ಪದವನ್ನು ಅವನು ಬಳಸುವಂತಿರಲಿಲ್ಲ. ಭೂತಕಾಲವನ್ನು ಸೂಚಿಸಲು ಕ್ರಿಯಾಪದದ ಕೊನೆಗೆ ಹಚ್ಚುವ ಪ್ರತ್ಯಯವನ್ನು ಬಳಸುವಂತಿರಲಿಲ್ಲ. ‘ಅವನು’, ‘ಅವಳು’, ‘ಅವರು’ ಎಂಬ ಸರ್ವನಾಮಗಳನ್ನೂ ಬಳಸುವಂತಿರಲಿಲ್ಲ. ‘ಕಣ್ಮರೆ’ ಎಂಬುದಕ್ಕೆ ಸರಿಯಾದ ಇಂಗ್ಲಿಷ್ ಪದದಲ್ಲಿಯೇ ನಿಷಿದ್ಧ ಅಕ್ಷರವಿದ್ದುದರಿಂದ ಪುಸ್ತಕಕ್ಕೆ ‘ಎ ವಾಯ್ಡ್’ ಎಂದು ಹೆಸರಿಡಬೇಕಾಯಿತು. ‘ಒಂದು ಶೂನ್ಯ’ ಎಂಬುದು ಅದರ ಅರ್ಥ. ಎರಡು ಪದಗಳನ್ನು ಕೂಡಿಸಿ ಓದಿದರೆ ‘ತಪ್ಪಿಸು, ವರ್ಜಿಸು’ ಎಂಬ ಅರ್ಥವೂ ಬರುತ್ತದೆ. ಹೆಸರು ಚಮತ್ಕಾರವಾಗಿದೆ. ಆದರೆ ಸರಕಾರಿ ಪ್ರಮಾಣಪತ್ರದ ಆ ತಣ್ಣನೆಯ ಪದದ ನೆನಪು ಅದರಲ್ಲಿಲ್ಲ.

ಬೇರೆ ಭಾಷೆಗಳಲ್ಲಿ ಐದನೆಯ ಅಕ್ಷರವನ್ನೇ ತೊರೆಯಬೇಕೆಂಬ ಕಟ್ಟುಪಾಡೇನೂ ಇರಲಿಲ್ಲ. 1997ರಲ್ಲಿ ಬಂದ ಸ್ಪ್ಯಾನಿಷ್ ಅನುವಾದದ ಹಿಂದೆ ಐವರ ತಂಡವಿತ್ತು. ಅವರು ವರ್ಣಮಾಲೆಯ ಮೊದಲನೆಯ ಅಕ್ಷರವನ್ನೇ ತೊರೆದರು. 2005ರಲ್ಲಿ ವಲೇರಿ ಕಿಸ್ಲೋವ್ ರಷ್ಯನ್ ಭಾಷೆಗೆ ತಂದಾಗ ‘ಓ’ ಅಕ್ಷರವನ್ನು ತೊರೆದನು. 2010ರಲ್ಲಿ ಶುಯಿಚಿರೊ ಶಿಯೊತ್ಸುಕಾ ಜಪಾನೀ ಭಾಷೆಗೆ ತಂದಾಗ ಸಮಸ್ಯೆ ಬೇರೊಂದು ರೂಪವನ್ನು ತಾಳಿತು. ಜಪಾನೀ ಲಿಪಿಯಲ್ಲಿ ವ್ಯಂಜನವೂ ಸ್ವರವೂ ಕೂಡಿ ಒಂದು ಅಕ್ಷರವಾಗುತ್ತದೆ. ಆದುದರಿಂದ ಅವನು ಇ, ಕಿ, ಶಿ, ಚಿ, ನಿ ಎಂಬಂತೆ ಇಕಾರದಿಂದ ಕೂಡಿದ ಅಕ್ಷರಗಳ ಒಂದು ಸಾಲನ್ನೇ ತೊರೆದನು.

ಯಾವ ಅಕ್ಷರವನ್ನು ತೊರೆದರೆ ಯಾರು ಕಾಣೆಯಾಗುತ್ತಾರೆ ಎಂಬುದನ್ನು ಗಮನಿಸಿದರೆ ಒಂದು ಸೋಜಿಗದ ಸಂಗತಿ ಹೊರಬೀಳುತ್ತದೆ. ಜರ್ಮನ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಫ್ರೆಂಚಿನಂತೆಯೇ ‘ತಂದೆ’, ‘ತಾಯಿ’ ಎಂಬೆರಡು ಪದಗಳೂ ಐದನೆಯ ಅಕ್ಷರದೊಡನೆ ಹೋಗುತ್ತವೆ. ಸ್ಪ್ಯಾನಿಷಿನಲ್ಲಿ ಮೊದಲನೆಯ ಅಕ್ಷರದೊಡನೆ ಇಬ್ಬರೂ ಹೋಗುತ್ತಾರೆ. ಜೊತೆಗೆ ‘ಅವಳು’ ಎಂಬ ಸರ್ವನಾಮವೂ ಅನೇಕ ಸ್ತ್ರೀಲಿಂಗ ಪದಗಳ ಕೊನೆಯ ಅಕ್ಷರವೂ ಹೋಗುತ್ತವೆ. ರಷ್ಯನ್ ಭಾಷೆಯಲ್ಲಿ ‘ತಂದೆ’ ಎಂಬ ಪದವು ‘ಓ’ ಅಕ್ಷರದಿಂದಲೇ ಆರಂಭವಾಗುವುದರಿಂದ ಅದು ಹೋಗುತ್ತದೆ. ‘ತಾಯಿ’ ಎಂಬ ಪದ ಉಳಿಯುತ್ತದೆ. ಆದರೆ ‘ಅವನು’, ‘ಅವಳು’, ‘ಅವರು’ ಎಂಬ ಮೂರು ಸರ್ವನಾಮಗಳೂ ಅದೇ ಅಕ್ಷರದಿಂದ ಆರಂಭವಾಗುತ್ತವೆ, ಮೂರೂ ಇಲ್ಲವಾಗುತ್ತವೆ. ಜಪಾನೀ ಭಾಷೆಯಲ್ಲಿ ‘ಚಿಚಿ’ ಎಂದರೆ ತಂದೆ, ‘ಹಹ’ ಎಂದರೆ ತಾಯಿ. ಇಲ್ಲಿಯೂ ತಂದೆ ಹೋಗಿ ತಾಯಿ ಉಳಿಯುತ್ತಾಳೆ. ಒಂದೊಂದು ಭಾಷೆಯೂ ತನ್ನದೇ ಆದ ರೀತಿಯಲ್ಲಿ ಅನಾಥವಾಗುತ್ತದೆ.

ಕನ್ನಡದಲ್ಲಿ ಇಂತಹ ಕೃತಿಯನ್ನು ಬರೆಯಹೊರಟರೆ ಏನಾದೀತು? ಕನ್ನಡ ಬರಹದಲ್ಲಿ ಎಲ್ಲೆಡೆಯೂ ಹರಡಿಕೊಂಡಿರುವ ಸ್ವರವೆಂದರೆ ಅಕಾರ. ವರ್ಣಮಾಲೆಯ ಆದಿಯಲ್ಲಿ ಅದು ನಿಂತಿದೆ. ಕ, ಗ, ತ, ಮ ಎಂದು ಬರೆದಾಗಲೆಲ್ಲ ತಲೆಕಟ್ಟಿನ ರೂಪದಲ್ಲಿ ಅದು ವ್ಯಂಜನದೊಳಗೆ ಅಡಗಿ ಕುಳಿತಿರುತ್ತದೆ. ಆ ಹ್ರಸ್ವ ಅಕಾರವನ್ನು ತೊರೆಯುವುದೆಂದು ಇಟ್ಟುಕೊಳ್ಳೋಣ. ಊರು, ನೀರು, ಕಾಡು, ಬೀದಿ ಎಂಬ ಪದಗಳು ಉಳಿಯುತ್ತವೆ. ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ತಂಗಿ, ಮಗ, ಮಗಳು ಇವರೆಲ್ಲರೂ ಒಮ್ಮೆಗೇ ಹೊರಟುಹೋಗುತ್ತಾರೆ. ಮನೆಯೂ ಹೋಗುತ್ತದೆ. ತಂದೆ ಹೋಗುತ್ತಾನೆ, ತಾಯಿ ಮಾತ್ರ ದೀರ್ಘಸ್ವರದ ಬಲದಿಂದ ಉಳಿಯುತ್ತಾಳೆ. ನಾನು, ನೀನು, ನಾವು, ನೀವು ಎಂಬ ಸರ್ವನಾಮಗಳು ಉಳಿಯುತ್ತವೆ. ಅವನು, ಅವಳು, ಅವರು ಎಂಬವು ಉಳಿಯುವುದಿಲ್ಲ. ‘ಯಾರು?’ ಎಂದು ಕೇಳಬಹುದು. ‘ಅವರು’ ಎಂದು ಉತ್ತರ ಕೊಡುವಂತಿಲ್ಲ.

ಕ್ರಿಯಾಪದಗಳಲ್ಲಿ ಆಗುವ ನಷ್ಟವು ಇನ್ನೂ ಗಹನವಾದುದು. ‘ನಾನು ಹೋದೆನು’ ಎನ್ನಬಹುದು. ‘ತಾಯಿ ಹೋಗುತ್ತಾಳೆ’ ಎನ್ನಬಹುದು. ‘ತಾಯಿ ಹೋದಳು’ ಎನ್ನುವಂತಿಲ್ಲ. ಪ್ರಥಮಪುರುಷದ ಭೂತಕಾಲದ ಅನು, ಅಳು, ಅರು ಎಂಬ ಪ್ರತ್ಯಯಗಳೆಲ್ಲ ಅಕಾರದಿಂದಲೇ ಆರಂಭವಾಗುತ್ತವೆ. ‘ತಾಯಿ ಇದ್ದಾಳೆ’ ಎಂಬ ಮಾತಿಗೆ ಅಡ್ಡಿಯಿಲ್ಲ. ‘ತಾಯಿ ಇದ್ದಳು’ ಎಂಬ ಮಾತಿಗೆ ಅವಕಾಶವಿಲ್ಲ. ‘ಇಲ್ಲ’ ಎಂಬ ಪದದ ಕೊನೆಯಲ್ಲಿ ಅಕಾರವಿರುವುದರಿಂದ ‘ತಾಯಿ ಇಲ್ಲ’ ಎಂದು ಹೇಳುವುದಕ್ಕೂ ಬಾರದು. ‘ಸಿಕ್ಕಿದಳು’ ಎನ್ನುವಂತಿಲ್ಲ, ‘ಸಿಗಳು’ ಎನ್ನುವಂತಿಲ್ಲ. ‘ಸಿಕ್ಕಾಳು’ ಎಂಬ ಸಂಭಾವನಾರ್ಥಕ ರೂಪ ಮಾತ್ರ ಉಳಿದಿದೆ. ಸಮಾಧಿಯಿಲ್ಲದ, ಮರಣದ ದಿನವಿಲ್ಲದ, ‘ಕಣ್ಮರೆ’ ಎಂಬ ಒಂದೇ ಪದವುಳ್ಳ ಪ್ರಮಾಣಪತ್ರವನ್ನು ಪಡೆದ ಮಗನ ಸ್ಥಿತಿ ಇದೇ ಅಲ್ಲವೆ? ತಾಯಿ ಇದ್ದಳೆಂದು ಹೇಳಲು ಬಾರದು, ಇಲ್ಲವೆಂದು ಹೇಳಲು ಬಾರದು. ಸಿಕ್ಕಾಳು ಎಂಬ ಆಸೆಯಷ್ಟೇ ಉಳಿಯುತ್ತದೆ. ಫ್ರೆಂಚ್ ಮೂಲದಲ್ಲಿ ಈ ಸೂಕ್ಷ್ಮವು ಇಲ್ಲ. ಇರಲು ಸಾಧ್ಯವೂ ಇಲ್ಲ. ಇದು ಕನ್ನಡದ ವ್ಯಾಕರಣದಿಂದ ಹುಟ್ಟಿದುದು. ಆದರೂ ಪೆರೆಕ್ ಹೇಳಹೊರಟ ಮಾತಿಗೆ ಇದಕ್ಕಿಂತ ಹತ್ತಿರವಾದುದು ಬೇರೊಂದಿಲ್ಲ.

ಕನ್ನಡ ವ್ಯಾಕರಣದಲ್ಲಿ ಲೋಪಸಂಧಿಯ ನಿಯಮವೊಂದುಂಟು. ಸ್ವರದ ಮುಂದೆ ಸ್ವರವು ಬಂದಾಗ, ಅರ್ಥವು ಕೆಡದಂತಿದ್ದರೆ, ಹಿಂದಿನ ಸ್ವರವು ಲೋಪವಾಗುತ್ತದೆ. ಅಲ್ಲಿ ಲೋಪವು ಅರ್ಥಕ್ಕೆ ಧಕ್ಕೆ ತಾರದೆ ನಡೆಯುತ್ತದೆ. ಪೆರೆಕನ ಕೃತಿಯಲ್ಲಿ ಲೋಪವೇ ಅರ್ಥ. ಇದನ್ನು ಅರಿತ ಅನುವಾದಕನು ಪದಕ್ಕೆ ಪದವನ್ನು ಹುಡುಕುವುದಿಲ್ಲ. ನಷ್ಟಕ್ಕೆ ಸಮನಾದ ನಷ್ಟವನ್ನು ಹುಡುಕುತ್ತಾನೆ. ಮೂಲಭಾಷೆಯು ತನ್ನ ಅಕ್ಷರವನ್ನು ಕಳೆದುಕೊಂಡು ಏನನ್ನು ಅನುಭವಿಸಿತೋ ಅದನ್ನು ತನ್ನ ಭಾಷೆಯೂ ಅನುಭವಿಸುವಂತೆ ಮಾಡುತ್ತಾನೆ. ಇಂತಹ ಕೃತಿಗಳ ವಿಷಯದಲ್ಲಿ ನಿಷ್ಠೆಯೆಂದರೆ ಇದೇ.

ಈ ನಿಷ್ಠೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಪೆರೆಕ್ ತನ್ನ ಕಾದಂಬರಿಯಲ್ಲಿ ಪ್ರಸಿದ್ಧವಾದ ಫ್ರೆಂಚ್ ಕವಿತೆಗಳನ್ನು ಐದನೆಯ ಅಕ್ಷರವಿಲ್ಲದಂತೆ ತಿದ್ದಿ ಸೇರಿಸಿದ್ದಾನೆ. ಫ್ರೆಂಚ್ ಓದುಗರಿಗೆ ಅವು ಬಾಲ್ಯದಿಂದ ಬಾಯಿಪಾಠವಾದ ಪದ್ಯಗಳು. ಅವುಗಳ ಅಂಗಭಂಗವು ಅವರಿಗೆ ಒಡನೆಯೇ ತಿಳಿಯುತ್ತದೆ. ಇಂಗ್ಲಿಷ್ ಓದುಗರಿಗೆ ಅದು ತಿಳಿಯದೆಂದು ಅಡೇರ್ ಅಂತಹ ಕೆಲವು ಕಡೆಗಳಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್, ಶೆಲ್ಲಿ, ಪೋ ಮೊದಲ��ದವರ ರಚನೆಗಳನ್ನು ಅದೇ ಬಗೆಯಲ್ಲಿ ತಿದ್ದಿ ಬಳಸಿದನು. ಇದನ್ನು ಸ್ವಾತಂತ್ರ್ಯವೆನ್ನಬಹುದು, ಸ್ವಚ್ಛಂದವೆಂದೂ ಆಕ್ಷೇಪಿಸಬಹುದು. ನಿಯಮದ ಸೊಗಸಿನಲ್ಲಿ ಮೈಮರೆತ ಅನುವಾದಕನು ನಿಯಮದ ಹಿಂದಿನ ನೋವನ್ನು ಮರೆಯುವ ಅಪಾಯ ಇದ್ದೇ ಇದೆ. ಆಗ ಉಳಿಯುವುದು ಗ್ಯಾಡ್ಸ್‌ಬಿಯಂತಹ ಸಾಧನೆ ಮಾತ್ರ. ಪೆರೆಕನಿಗೂ ಅನುವಾದದ ಕಷ್ಟಸುಖಗಳು ತಿಳಿಯದವುಗಳಾಗಿರಲಿಲ್ಲ. ಅಮೆರಿಕದ ಹ್ಯಾರಿ ಮ್ಯಾಥ್ಯೂಸ್ ಎಂಬ ಗೆಳೆಯನ ಕಾದಂಬರಿಗಳನ್ನು ಅವನೇ ಫ್ರೆಂಚಿಗೆ ತಂದಿದ್ದನು. 1972ರಲ್ಲಿ, ಹಿಂದೆ ತೊರೆದಿದ್ದ ಅಕ್ಷರಕ್ಕೆ ಋಣ ತೀರಿಸುವವನಂತೆ, ಬೇರಾವ ಸ್ವರವನ್ನೂ ಬಳಸದೆ ಅದೊಂದೇ ಸ್ವರದಿಂದ ಕಿರಿಯ ಕಾದಂಬರಿಯೊಂದನ್ನು ಬರೆದನು. 1978ರಲ್ಲಿ ಪ್ರಕಟವಾದ ಅವನ ಮಹಾಕಾದಂಬರಿಗೆ ಫ್ರಾನ್ಸಿನ ಮೆದಿಸಿಸ್ ಪ್ರಶಸ್ತಿ ದೊರೆಯಿತು. ನಾಲ್ವತ್ತಾರು ವರ್ಷಗಳು ತುಂಬುವ ಮೊದಲೇ, 1982ರ ಮಾರ್ಚ್ 3ರಂದು, ಅವನು ತೀರಿಕೊಂಡನು. ಈ ಲೇಖನದಲ್ಲಿ ಹೆಸರಿಸಿದ ಅನುವಾದಗಳಲ್ಲಿ ಯಾವುದನ್ನೂ ಅವನು ಮುದ್ರಿತ ರೂಪದಲ್ಲಿ ಕಾಣಲಿಲ್ಲ.

ಪ್ರಯೋಗಶೀಲ ಕೃತಿಗಳೆಲ್ಲವೂ ಅಕ್ಷರವನ್ನು ತೊರೆಯುವುದಿಲ್ಲ. ಆದರೆ ಪ್ರತಿಯೊಂದು ಒಳ್ಳೆಯ ಕೃತಿಯಲ್ಲಿಯೂ ಅದರ ಭಾಷೆಗೆ ಮಾತ್ರ ಸಾಧ್ಯವಾದ ಅಂಶವೊಂದು ಇರುತ್ತದೆ. ಅದನ್ನು ಸವೆಯಿಸಿ ಸಮತಟ್ಟು ಮಾಡದೆ ದಾಟಿಸುವುದು ಹೇಗೆಂಬ ಪ್ರಶ್ನೆ ಎಲ್ಲ ಅನುವಾದಕರದೂ ಹೌದು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕನ್ನಡ ಕಥೆಗಳಿವೆ. ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರು ಅನೇಕ ಕನ್ನಡ, ಉರ್ದು, ಅರಬ್ಬೀ ಪದಗಳನ್ನು ಅಡಿಟಿಪ್ಪಣಿಯಿಲ್ಲದೆ, ಓರೆಯಕ್ಷರಗಳಿಂದ ಬೇರ್ಪಡಿಸದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಇಂಗ್ಲಿಷ್ ಓದುಗನೇ ಎರಡು ಹೆಜ್ಜೆ ಮುಂದೆ ಬಂದು ಆ ಪದಗಳನ್ನು ಪರಿಚಯ ಮಾಡಿಕೊಳ್ಳಲಿ ಎಂಬುದು ಇದರ ಆಶಯ. ಆ ಪ್ರಶಸ್ತಿಯ ಹಣವನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುವುದು ನಿಯಮ. ಅನುವಾದಕನು ಹೊರೆ ಹೊರುವವನಲ್ಲ, ಕೃತಿಯ ಎರಡನೆಯ ಕರ್ತೃ ಎಂಬ ತಿಳಿವಳಿಕೆ ಈ ಸಮಪಾಲಿನಲ್ಲಿ ವ್ಯಕ್ತವಾಗಿದೆ. ಕನ್ನಡದ ಮಟ್ಟಿಗೆ ಈ ತಿಳಿವಳಿಕೆ ಹೊಸದೇನಲ್ಲ. ಈಗ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ವನ್ನು ಆಧಾರವಾಗಿಟ್ಟುಕೊಂಡಿದೆ, ಆದರೂ ಅದು ಕನ್ನಡದ ನೆಲವನ್ನೂ ನುಡಿಯನ್ನೂ ಕುರಿತು ಮಾತನಾಡುವ ಸ್ವತಂತ್ರ ಕೃತಿಯಾಗಿ ನಿಂತಿದೆ.

‘ಅಕ್ಷರ’ವೆಂದರೆ ನಾಶವಿಲ್ಲದುದು ಎಂದು ಹಿರಿಯರು ಅರ್ಥ ಹೇಳಿದ್ದಾರೆ. ಪೆರೆಕನ ಕಾದಂಬರಿಯಲ್ಲಿ ಅಕ್ಷರವು ನಾಶವಾದಂತೆ ತೋರುತ್ತದೆ. ಆದರೆ ಓದುಗನು ಪುಟಪುಟದಲ್ಲಿಯೂ ನೆನೆಯುವುದು, ಹುಡುಕುವುದು, ಕೊನೆಗೆ ಎಂದೆಂದಿಗೂ ಮರೆಯದಿರುವುದು ಆ ಒಂದು ಅಕ್ಷರವನ್ನೇ. ಅದು ಜರ್ಮನ್, ಇಂಗ್ಲಿಷ್, ಸ್ಪ್ಯಾನಿಷ್, ರಷ್ಯನ್, ಜಪಾನೀ ಭಾಷೆಗಳಿಗೆ ಹೋದಾಗಲೂ ಪ್ರತಿಯೊಂದು ಭಾಷೆಯೂ ತನ್ನ ಒಂದು ಅಕ್ಷರವನ್ನು ಅದರ ಸ್ಥಾನದಲ್ಲಿ ಬಿಟ್ಟುಕೊಟ್ಟಿತು. ಮರಣಶಿಬಿರದಲ್ಲಿ ಹೆಸರಿಲ್ಲದಂತೆ ಅಳಿದ ಒಬ್ಬ ತಾಯಿಯ ಸ್ಥಾನವನ್ನು ಹೀಗೆ ಹಲವು ಭಾಷೆಗಳು ತಮ್ಮೊಳಗೆ ಖಾಲಿಯಾಗಿ ಕಾದಿರಿಸಿವೆ.